ಎಂಬತ್ತು ಚುಕ್ಕಿಗಳಲ್ಲಿ ನಾಲ್ಕು ತಾಲ್ಲೂಕು

ಮಧುಗಿರಿಗೆ 22 ಚುಕ್ಕಿ, ಶಿರಾಕ್ಕೆ 12, ಪಾವಗಡಕ್ಕೆ 19, ಕೊರಟಗೆರೆಗೆ 27. ಒಟ್ಟು 80! ದಪ್ಪ ಕಾಗದದ ಮೇಲೆ ಉಬ್ಬಿ ನಿಂತ ಎಂಬತ್ತೇ ಎಂಬತ್ತು ಚುಕ್ಕಿ. ತೋರುಬೆರಳು ಎಡದಿಂದ ಬಲಕ್ಕೆ ಒಮ್ಮೆ ಸವರಿಕೊಂಡು ಹೋದರೆ ನಾಲ್ಕೂ ತಾಲ್ಲೂಕುಗಳ ಹೆಸರು ಓದಿ ಮುಗಿಯಿತು. ದೀಪ ಬೇಕಿಲ್ಲ, ಕನ್ನಡಕ ಬೇಕಿಲ್ಲ, ರಾತ್ರಿ ಕರೆಂಟು ಹೋದರೂ ಪುಸ್ತಕ ಮುಚ್ಚಬೇಕಿಲ್ಲ. ಹುಟ್ಟಿದಾಗಿನಿಂದ ಕನ್ನಡದಲ್ಲೇ ಓದಿ ಬರೆದು ಬಂದ ನನಗೆ, ನಮ್ಮ ಕನ್ನಡಕ್ಕೆ ಬೆರಳಿಂದ ಓದುವ ಬ್ರೈಲ್ ಎಂಬ ಇಂಥದೊಂದು ಮೈ ಇದೆ ಎಂದು ತಿಳಿದಾಗ ಆದ ಸಂಭ್ರಮ ಇನ್ನೂ ಇಳಿದಿಲ್ಲ.

ಈ ಚುಕ್ಕಿಗಳನ್ನು ಮೂಡಿಸುವ ಬ್ರೈಲ್ ಸ್ಲೇಟನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೀಲು ಹಾಕಿ ಕೂಡಿಸಿದ ಎರಡು ಪಟ್ಟಿ. ಮೇಲಿನ ಪಟ್ಟಿಯಲ್ಲಿ ಸಾಲುಸಾಲು ಪುಟ್ಟ ಕಿಟಕಿ. ಕೆಳಗಿನ ಪಟ್ಟಿಯಲ್ಲಿ ಪ್ರತಿ ಕಿಟಕಿಯ ನೇರಕ್ಕೂ ಆರಾರು ಗುಳಿ, ಎಡಕ್ಕೆ ಮೂರು, ಬಲಕ್ಕೆ ಮೂರು. ನಡುವೆ ದಪ್ಪ ಹಾಳೆ. ಕೈಯಲ್ಲಿ ಸ್ಟೈಲಸ್, ಅಂಗೈಯಲ್ಲಿ ಕೂರುವ ಹಿಡಿಗೆ ಕಚ್ಚಿಸಿದ ಮೊಂಡು ಮೊಳೆ. ಟಕ್, ಟಕ್, ಟಕ್ ಎಂದು ಮೂರು ಸಲ ಒತ್ತಿದರೆ ‘ಮ’. ನಾಲ್ಕು ಸಲ ಒತ್ತಿದರೆ ‘ಧ’. ಮೂರಕ್ಕೆ ‘ಉ’. ನಾಲ್ಕಕ್ಕೆ ‘ಗ’. ಆಮೇಲೆ ಎರಡೇ ಚುಕ್ಕಿಯ ‘ಇ’, ನಾಲ್ಕು ಚುಕ್ಕಿಯ ‘ರ’, ಮತ್ತೆ ಅದೇ ‘ಇ’. ಮಧುಗಿರಿ ಬಂತು! ಆದರೆ ನಿಜವಾದ ಸೋಜಿಗ ಇರುವುದು ದಿಕ್ಕಿನಲ್ಲಿ. ಒತ್ತಿದ ಚುಕ್ಕಿ ಉಬ್ಬುವುದು ಹಾಳೆಯ ಹಿಂಬದಿಗೆ. ಹಾಗಾಗಿ ಬರೆಯುವಾಗ ಬಲದಿಂದ ಎಡಕ್ಕೆ ಹೋಗಬೇಕು, ಪ್ರತಿ ಅಕ್ಷರದ ಎಡಬಲವನ್ನೂ ಅದಲುಬದಲು ಮಾಡಬೇಕು; ಹಾಳೆ ಮಗುಚಿ ಓದುವಾಗ ಎಡದಿಂದ ಬಲಕ್ಕೆ ಬರಬೇಕು. ಆರೇಳು ವರ್ಷದ ಮಗು ಈ ಎರಡು ದಿಕ್ಕನ್ನೂ ತಲೆಯೊಳಗೆ ಒಟ್ಟಿಗೇ ಇಟ್ಟುಕೊಂಡು, ತಪ್ಪದೆ, ಸರಸರನೆ ಬರೆಯುತ್ತದೆ. ಕಣ್ಣಿರುವ ನಾವು ಕೂತು ಒಂದು ಸಾಲು ಬರೆದು ನೋಡಿದರೆ ಗೊತ್ತಾಗುತ್ತದೆ, ಅದೆಂಥ ಬುದ್ಧಿ ಎಂದು.

ಕನ್ನಡದ ಗುಣಿತ, ಒತ್ತಕ್ಷರಗಳು ಏನಾಗುತ್ತವೆ ಎನ್ನುತ್ತೀರಾ? ಅವು ಮೊದಲು ನನ್ನನ್ನೂ ಕಾಡಿದವು. ಶಾಯಿಯ ಬರಹದಲ್ಲಿ ‘ಗ’ಕ್ಕೆ ಗುಡಿಸು ಹತ್ತಿದರೆ ಅಕ್ಷರದ ಆಕಾರವೇ ಬದಲಾಗುತ್ತದೆ, ಒತ್ತು ಬಂದರೆ ಸಾಲಿನ ಕೆಳಕ್ಕೆ ಇಳಿಯುತ್ತದೆ. ಬೆರಳಿಗೆ ಮೇಲೆ ಕೆಳಗೆ ಹತ್ತಿಳಿಯಲು ಪುರುಸೊತ್ತಿಲ್ಲ. ಅದಕ್ಕೇ ಬ್ರೈಲಿನಲ್ಲಿ ‘ಗಿ’ ಎಂದರೆ ‘ಗ’, ಅದರ ಪಕ್ಕದಲ್ಲಿ ಪೂರ್ತಿ ‘ಇ’. ಉಚ್ಚಾರಣೆ ಹೇಗೋ ಬರಹವೂ ಹಾಗೆ, ಒಂದರ ಹಿಂದೆ ಒಂದು. ಇನ್ನು ‘ಅಕ್ಕ’ ಬರೆಯುವುದನ್ನು ನೋಡಿ: ಮೊದಲು ‘ಅ’, ಆಮೇಲೆ ಬಲಗಡೆ ಮೇಲ್ಮೂಲೆಯಲ್ಲಿ ಒಂದೇ ಒಂದು ಚುಕ್ಕಿ, ಆಮೇಲೆ ‘ಕ’, ‘ಕ’. ಆ ಒಂಟಿ ಚುಕ್ಕಿ ಮುಂಚೆಯೇ ಬಂದು ನಿಂತು ಬೆರಳಿಗೆ ಎಚ್ಚರ ಹೇಳುತ್ತದೆ, ಮುಂದಿರುವ ಎರಡು ವ್ಯಂಜನಗಳನ್ನು ಕೂಡಿಸಿ ಓದು ಎಂದು! ಅಕ್ಕನಿಗೆ ಒಟ್ಟು ಆರು ಚುಕ್ಕಿ. ಆರೂ ಗುಳಿಯನ್ನು ಒಂದೇ ಮನೆಯಲ್ಲಿ ತುಂಬುವ ಅಕ್ಷರವೂ ಒಂದಿದೆ: ‘ಢ’.

ಈ ಚುಕ್ಕಿಗಳ ಹಿಂದೆ ಇರುವವನು ಫ್ರಾನ್ಸಿನ ಕೂವ್ರೆ ಎಂಬ ಹಳ್ಳಿಯಲ್ಲಿ 1809ರ ಜನವರಿ 4ರಂದು ಹುಟ್ಟಿದ ಲೂಯಿ ಬ್ರೈಲ್. ಅಪ್ಪನ ಚರ್ಮದ ಕೆಲಸದ ಕೊಟ್ಟಿಗೆಯಲ್ಲಿ ಮೂರನೆಯ ವಯಸ್ಸಿನಲ್ಲಿ ದಬ್ಬಳ ತಾಗಿ, ಮುಂದೆ ಎರಡೂ ಕಣ್ಣು ಹೋದವು. ಮುಟ್ಟಿ ಓದಲೆಂದು ಷಾರ್ಲ್ ಬಾರ್ಬಿಯೆ ಹೊಸೆದಿದ್ದ ಹನ್ನೆರಡು ಚುಕ್ಕಿಯ ಬರಹವನ್ನು ಹುಡುಗ ಬೆರಳಿಗೆ ಒಪ್ಪುವಂತೆ ಆರಕ್ಕೆ ಇಳಿಸಿ, 1829ರಲ್ಲಿ ಪ್ರಕಟಿಸಿದ. ಆರು ಚುಕ್ಕಿಯಲ್ಲಿ 63 ಆಕಾರ. ನಮ್ಮ ದೇಶದಲ್ಲಿ ಭಾಷೆಗೊಂದು ಬ್ರೈಲ್ ಹುಟ್ಟಿಕೊಂಡು ಗೊಂದಲವಾಗಿತ್ತು. 1951ರಲ್ಲಿ ಎಲ್ಲವನ್ನೂ ಬೆಸೆದ ಭಾರತಿ ಬ್ರೈಲ್ ನೆಲೆಯಾಯಿತು. ‘ಕ’ ಎಂಬ ಉಲಿ ಯಾವ ಭಾಷೆಯಲ್ಲಿದ್ದರೂ ಅದಕ್ಕೆ ಅವೇ ಎರಡು ಚುಕ್ಕಿ.

ಇದನ್ನು ಪಾವಗಡಕ್ಕೆ ತಂದು ಇಟ್ಟು ನೋಡಿ. ಪಾವಗಡದ ಸುತ್ತ ಹೆಚ್ಚುಕಡಿಮೆ ಎಲ್ಲ ಕಡೆಯೂ ಆಂಧ್ರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ಮಕ್ಕಳು ಅಲ್ಲಿ ಎಷ್ಟೋ. ಕಣ್ಣಿರುವ ಮಗು ಕನ್ನಡ ಅಕ್ಷರ ಕಲಿತ ಮೇಲೆ ತೆಲುಗು ಅಕ್ಷರಗಳ ತಲೆಕಟ್ಟನ್ನು ಬೇರೆಯಾಗಿ ಕಲಿಯಬೇಕು. ಬೆರಳಿಂದ ಓದುವ ಮಗುವಿಗೆ ಆ ಕೆಲಸವೇ ಇಲ್ಲ! ಕನ್ನಡದ ಬ್ರೈಲ್ ಕಲಿತ ದಿನವೇ ತೆಲುಗಿನ ಅಕ್ಷರಗಳೂ ಬಂದವು. ಶಿರಾದಲ್ಲಿ ಉರ್ದು ಕಲಿಯುವ ಮಕ್ಕಳ ವಿಷಯ ಇನ್ನೂ ಚೆಂದ. ಶಾಯಿಯಲ್ಲಿ ಉರ್ದು ಬಲದಿಂದ ಎಡಕ್ಕೆ ಓಡುತ್ತದೆ. ಬ್ರೈಲಿನಲ್ಲಿ ಅದೂ ಕನ್ನಡದ ಹಾಗೆಯೇ ಎಡದಿಂದ ಬಲಕ್ಕೆ. ಗಡಿಯ ಊರುಗಳಲ್ಲಿ ಲಿಪಿಗಳು ಬೇರೆ ಬೇರೆ ಫಲಕಗಳಲ್ಲಿ ನಿಂತಿರುವಾಗ, ಒಂದು ತೋರುಬೆರಳ ಕೆಳಗೆ ಅವೆಲ್ಲ ಅಕ್ಕಪಕ್ಕ ಕೂತಿವೆ.

ಕಂದಾಯದ ಲೆಕ್ಕಕ್ಕೆ ಈ ನಾಲ್ಕೂ ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಮಾತ್ರ ಇವು ಬೇರೆಯೇ ಒಂದು ಜಿಲ್ಲೆ, ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಳೆ ಕಡಿಮೆ, ಕಡಲೆಕಾಯಿ ಹೊಲ, ಹುಣಸೆಮರ, ಬಂಡೆ. ಇಂಥ ಕಡೆ ಕಣ್ಣು ಕಾಣದ ಮಗು ಹುಟ್ಟಿದರೆ ಹಿಂದೆ ಎರಡೇ ದಾರಿ: ಮನೆಯ ಮೂಲೆ, ಇಲ್ಲವೆ ದೂರದ ಹಾಸ್ಟೆಲ್ಲು. ಹಾಸ್ಟೆಲ್ಲಿನ ದಾರಿಯನ್ನು ಕಡೆಗಣಿಸುವಂತಿಲ್ಲ. ಮೈಸೂರಿನಲ್ಲಿ 1901ರಲ್ಲೇ ಎಂ. ಶ್ರೀನಿವಾಸರಾಯರು ಕಿವುಡರಿಗೂ ಅಂಧರಿಗೂ ಶಾಲೆ ತೆರೆದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ತಾವೇ ಅಂಧರಾಗಿದ್ದೂ, ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಸಂಗೀತ ಕೊಟ್ಟರು. ಆ ಋಣ ದೊಡ್ಡದು. ಆದರೂ ಐದು ವರ್ಷದ ಮಗು ಅವ್ವನ ಮಗ್ಗುಲು ಬಿಟ್ಟು ನೂರಾರು ಮೈಲಿ ಹೋಗಬೇಕಿತ್ತಲ್ಲ ಎಂದು ನೆನೆದರೆ ಎದೆ ಹಿಂಡುತ್ತದೆ.

ಈಗ ಮೂರನೆಯ ದಾರಿ ಇದೆ, ಊರಿನ ಶಾಲೆಯದೇ ದಾರಿ! ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಕೊಡಬೇಕು ಎನ್ನುತ್ತದೆ. ನೆರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯನ್ನು ಮಗುವಿಗೇ ಕೊಡುತ್ತದೆ. ಆ ಕಾಯ್ದೆಗೆ ಕಾಲು ಬಂದಿರುವುದು ಬಿಐಇಆರ್‌ಟಿ ಎಂದು ಎಲ್ಲರೂ ಕರೆಯುವ ಸಂಪನ್ಮೂಲ ಶಿಕ್ಷಕರಿಂದ. ತಾಲ್ಲೂಕಿನ ಬಿಆರ್‌ಸಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅವರ ನೆಲೆ. ಕೆಲಸವೆಲ್ಲ ಹಳ್ಳಿ ಹಳ್ಳಿಯಲ್ಲಿ. ಮಗುವನ್ನು ಗುರುತಿಸುವುದು, ಶಾಲೆಗೆ ಸೇರಿಸುವುದು, ಬ್ರೈಲ್ ಹೇಳಿಕೊಡುವುದು, ತರಗತಿಯ ಮೇಷ್ಟ್ರ ಜೊತೆ ಕೂತು ಪಾಠ ಹೊಂದಿಸುವುದು, ಶಾಲೆಗೆ ಬರಲಾಗದ ಮಗುವಿದ್ದರೆ ಮನೆಗೇ ಹೋಗಿ ಕಲಿಸುವುದು. ನೆತ್ತಿ ಸುಡುವ ಬಿಸಿಲಲ್ಲಿ ಊರಿಂದೂರಿಗೆ ಸುತ್ತುವ ಈ ಜನರ ಬಗ್ಗೆ ನಾವು ಎಷ್ಟು ಕಡಿಮೆ ಬರೆದಿದ್ದೇವೆ!

ಅವರು ಬಂದ ಮೇಲೆ ತರಗತಿಯಲ್ಲಿ ಮೊದಲು ಬದಲಾಗುವುದು ಮೇಷ್ಟ್ರ ಮಾತು. ಕಪ್ಪುಹಲಗೆಯ ಮುಂದೆ ನಿಂತು ‘ಇದರಿಂದ ಇದನ್ನು ಕಳೆದರೆ ಇಷ್ಟು, ಬರಕೊಳ್ಳಿ’ ಎಂದರೆ ಹಲಗೆ ಕಾಣದ ಮಗುವಿಗೆ ದಕ್ಕಿದ್ದೇನು? ‘ನಲವತ್ತೇಳರಿಂದ ಹತ್ತೊಂಬತ್ತು ಕಳೆದರೆ ಇಪ್ಪತ್ತೆಂಟು’ ಎಂದು ಬಾಯಿಬಿಟ್ಟು ಹೇಳಿದರೆ ಲೆಕ್ಕ ಅದಕ್ಕೂ ತಲುಪಿತು, ಕೊನೇ ಬೆಂಚಿನಲ್ಲಿ ಕೂತು ಹಲಗೆ ಮಸುಕಾಗಿ ಕಂಡರೂ ಹೇಳಲು ನಾಚುತ್ತಿದ್ದ ಇನ್ನೊಂದು ಮಗುವಿಗೂ ತಲುಪಿತು. ಈ ಒಂದು ಬದಲಾವಣೆಗೆ ಖರ್ಚಿಲ್ಲ, ಆದೇಶ ಬೇಡ, ಸಲಕರಣೆ ಬೇಡ. ಇದಕ್ಕಿಂತ ಅಗ್ಗದ, ಇದಕ್ಕಿಂತ ಬೆಲೆಯುಳ್ಳ ಸುಧಾರಣೆ ನನಗಂತೂ ಗೊತ್ತಿಲ್ಲ.

ಲೆಕ್ಕ ಎಂದೆನಲ್ಲ, ಅದಕ್ಕೆ ಟೇಲರ್ ಫ್ರೇಮ್ ಎಂಬ ಹಲಗೆ ಇದೆ. ಅಲ್ಯೂಮಿನಿಯಂ ಹಲಗೆಯ ತುಂಬ ಎಂಟು ಮೂಲೆಯ ತೂತುಗಳು. ಅವುಗಳಲ್ಲಿ ನೆಡಲು ಚೌಕದ ಲೋಹದ ಕಡ್ಡಿಗಳು. ಕಡ್ಡಿಯ ಒಂದು ತುದಿಯಲ್ಲಿ ಒಂದು ಅಂಚು ಏಣಾಗಿ ಎದ್ದಿರುತ್ತದೆ, ಇನ್ನೊಂದು ತುದಿಯಲ್ಲಿ ಎರಡು ಮುಳ್ಳು. ಕಡ್ಡಿಯನ್ನು ಎಂಟು ದಿಕ್ಕಿಗೆ ತಿರುಗಿಸಿ ನೆಡಬಹುದು. ತುದಿ ಬದಲಿಸಿದರೆ ಇನ್ನೂ ಎಂಟು. ಒಂದೇ ಒಂದು ಕಡ್ಡಿಯಿಂದ ಹದಿನಾರು ಗುರುತು! ಹತ್ತು ಅಂಕಿಗೂ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಚಿಹ್ನೆಗಳಿಗೂ ಅದು ಸಾಕು. ದಶಕ ತೆಗೆದುಕೊಳ್ಳುವುದು, ಸಾಲ ಪಡೆಯುವುದು ಎಲ್ಲವೂ ಬೆರಳಿನಡಿ, ಮೇಲಿನ ಸಾಲು ಕೆಳಗಿನ ಸಾಲು ನೇರ ಹೊಂದಿಸಿಕೊಂಡು ನಡೆಯುತ್ತದೆ. ಪಕ್ಕದ ಹುಡುಗ ಪೆನ್ಸಿಲ್ಲಿನಲ್ಲಿ ಕೂಡುತ್ತಿರುವಾಗ ಕಣ್ಣು ಕಾಣದ ಹುಡುಗಿ ಕಡ್ಡಿ ನೆಟ್ಟು ಕೂಡುತ್ತಾಳೆ. ಉತ್ತರ ಇಬ್ಬರದೂ ಒಂದೇ.

ಭೂಗೋಳಕ್ಕೆ ಬಂದರೆ ಈ ಸೀಮೆಯಷ್ಟು ಕೈಗೆ ಸಿಗುವ ಸೀಮೆ ಎಲ್ಲಿದೆ? ಮಧುಗಿರಿಯ ಬೆಟ್ಟ ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು. ಊರಿನ ಎಲ್ಲರೂ ಕಣ್ಣೆತ್ತಿ ನೋಡುವ ಆ ಬಂಡೆಯ ಬುಡಕ್ಕೆ ಮಗುವನ್ನು ಕರೆದೊಯ್ದು ಎರಡೂ ಅಂಗೈ ಒತ್ತಿಸಿ, ಬೆಳಿಗ್ಗೆಯ ತಂಪು, ಸಂಜೆಯ ಕಾವು ಮುಟ್ಟಿಸಿ, ಆಮೇಲೆ ಜೇಡಿಮಣ್ಣಿನಲ್ಲಿ ಅದರ ಮಾದರಿ ಮಾಡಿಸಿದರೆ ಏಕಶಿಲೆ ಎಂಬ ಮಾತು ಬಾಯಿಪಾಠವಾಗಿ ಉಳಿಯುವುದಿಲ್ಲ. ನಕ್ಷೆಯ ಮೇಲೆ ದಾರ ಅಂಟಿಸಿದರೆ ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಹಾದು ಆಂಧ್ರದತ್ತ ಹೋಗುವ ಜಯಮಂಗಲಿ ನದಿ ಬೆರಳಿಗೆ ಸಿಗುತ್ತಾಳೆ. ಸಿದ್ದರಬೆಟ್ಟದ ಮೂಲಿಕೆ ಸೊಪ್ಪುಗಳನ್ನು ಮೂಸಿ ಗುರುತಿಸುವ ಪಾಠದಲ್ಲಿ ಕಣ್ಣಿರುವ ಮಕ್ಕಳೇ ಹಿಂದೆ ಬಿದ್ದಾರು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆಮರದ ತುಂಬ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಜನ ಬಣ್ಣಕ್ಕೆಂದು ನೋಡಲು ಹೋಗುತ್ತಾರೆ. ಕಿವಿಗೊಟ್ಟು ನಿಂತರೆ ಅಲ್ಲಿ ಇನ್ನೊಂದು ಲೋಕ: ದೊಡ್ಡ ಹಕ್ಕಿಗಳು ಕೂಗುವುದು ಅಪರೂಪ, ಕೊಕ್ಕಿನ ಮೇಲ್ಭಾಗ ಕೆಳಭಾಗ ಬಡಿದು ಕಟಕಟ ಸದ್ದು ಮಾಡುತ್ತವೆ, ಗಲಾಟೆಯೆಲ್ಲ ಗೂಡಿನ ಮರಿಗಳದು!

ಪೂರ್ತಿ ಅಂಧ ಮಗುವಿಗೆ ಬೆಳಕಿನ ಪಾಠ ಹೇಗೆ? ಇದನ್ನು ಕೇಳಿದಾಗ ನನಗೆ ಉತ್ತರ ಹೊಳೆದಿರಲಿಲ್ಲ. ಉತ್ತರ ಪಾವಗಡದಲ್ಲೇ ಬಿದ್ದಿದೆ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಹರಡಿಕೊಂಡಿದೆಯಲ್ಲ, ಅದೇ ತತ್ವದ ಅಂಗೈಯಗಲದ ಸೌರಫಲಕ ಒಂದು, ಪುಟ್ಟ ಬಜರ್ ಒಂದು, ಎರಡು ತಂತಿ. ಬಿಸಿಲಿಗೆ ಹಿಡಿದರೆ ‘ಗುಂಯ್’ ಎನ್ನುತ್ತದೆ. ಕೈ ಅಡ್ಡ ಹಿಡಿದರೆ ಸದ್ದು ನಿಲ್ಲುತ್ತದೆ. ನೆರಳು ಕೇಳಿಸಿತು! ಗಾಜು ಹಿಡಿದರೆ ಸದ್ದು ಉಳಿಯುತ್ತದೆ, ರಟ್ಟು ಹಿಡಿದರೆ ಹೋಗುತ್ತದೆ. ಪಾರದರ್ಶಕ, ಅಪಾರದರ್ಶಕ ಎಂಬ ಪಠ್ಯಪುಸ್ತಕದ ಪದಗಳು ಕಿವಿಯಿಂದಲೇ ಒಳಗಿಳಿದವು. ಇಡೀ ತರಗತಿ ಆ ಫಲಕಕ್ಕೆ ಮುಗಿಬೀಳದೆ ಇರುತ್ತದೆಯೇ?

ದೃಷ್ಟಿದೋಷವೆಂದರೆ ಎಲ್ಲವೂ ಕಗ್ಗತ್ತಲಲ್ಲ ಎಂಬುದನ್ನೂ ಹೇಳಲೇಬೇಕು. ಪೊರೆಯೋ ಕನ್ನಡಕದಿಂದ ಸರಿಹೋಗುವ ದೋಷವೋ ಇದ್ದರೆ ಮೊದಲು ಆಸ್ಪತ್ರೆ. ಪಾವಗಡದಲ್ಲಿ ರಾಮಕೃಷ್ಣ ಸೇವಾಶ್ರಮದ ಕಣ್ಣಾಸ್ಪತ್ರೆಯೇ ಇದೆ. ಮಂದದೃಷ್ಟಿಯ ಮಗುವಿಗೆ ದಪ್ಪಕ್ಷರ, ಭೂತಗನ್ನಡಿ, ಮುಂದಿನ ಬೆಂಚು, ಕಿಟಕಿಯ ಝಳ ಕಣ್ಣಿಗೆ ಹೊಡೆಯದ ಜಾಗ ಸಾಕಾಗಬಹುದು. ಅಂಥ ಮಗುವನ್ನು ದಡ್ಡ ಎಂದು ಹಿಂದೆ ಕೂರಿಸಿದ್ದೇ ನಮ್ಮ ದೊಡ್ಡ ನಷ್ಟ.

ಪುಸ್ತಕದ ಮಾತಿಗೆ ಬರೋಣ, ಏಕೆಂದರೆ ಅಲ್ಲಿ ಇನ್ನೊಂದು ಬಾಗಿಲು ತೆರೆದಿದೆ. ಎನ್‌ವಿಡಿಎ ಎಂಬ ತೆರೆಯೋದುಗ ತಂತ್ರಾಂಶವನ್ನು ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು, ಮೈಕೆಲ್ ಕರ್ರನ್ ಮತ್ತು ಜೇಮ್ಸ್ ಟೆ, ಕಟ್ಟಿ ಜಗತ್ತಿಗೆ ಪುಕ್ಕಟೆ ಕೊಟ್ಟರು. ಅದು ಕನ್ನಡವನ್ನೂ ಓದಿ ಹೇಳುತ್ತದೆ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಜಿ. ರಾಮಕೃಷ್ಣನ್ ಅವರ ತಂಡ ಮಾಡಿದ ‘ಲಿಪಿ ಜ್ಞಾನಿ’ ಅಚ್ಚಾದ ಕನ್ನಡ ಪುಟದ ಚಿತ್ರವನ್ನು ನೋಡಿ ಅಕ್ಷರಗಳಾಗಿ ಬಿಡಿಸುತ್ತದೆ. ಬಿಡಿಸಿದ್ದನ್ನು ಧ್ವನಿಗೂ ಇಳಿಸಬಹುದು, ಬ್ರೈಲಿಗೂ ಇಳಿಸಬಹುದು. ಒಂದೇ ಅಡ್ಡಿ: ಹಳೆಯ ನುಡಿ ಫಾಂಟುಗಳಲ್ಲಿ ಟೈಪಿಸಿದ ಕನ್ನಡ ಯಂತ್ರದ ಕಣ್ಣಿಗೆ ಕನ್ನಡವೇ ಅಲ್ಲ. ತೆರೆಯ ಮೇಲೆ ಚೆಂದದ ಕನ್ನಡ ಕಾಣುತ್ತಿದ್ದರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ತೆರೆಯೋದುಗ ಅದನ್ನೇ ಓದಿ ಮಗುವಿನ ಕಿವಿಗೆ ಸುರಿಯುತ್ತದೆ. ಅದೇ ಪುಟವನ್ನು ಯೂನಿಕೋಡಿನಲ್ಲಿ ಟೈಪಿಸಿ ಕೊಟ್ಟರೆ ಆ ಕ್ಷಣದಿಂದ ಅದು ಓದಬಲ್ಲ ಪುಸ್ತಕ. ಪ್ರಶ್ನೆಪತ್ರಿಕೆ, ಟಿಪ್ಪಣಿ, ಸುತ್ತೋಲೆ ತಯಾರಿಸುವ ಪ್ರತಿಯೊಬ್ಬ ಶಿಕ್ಷಕರೂ ಇದನ್ನು ಇವತ್ತೇ ಮಾಡಬೇಕೆಂದು ಕೈಮುಗಿದು ಕೇಳುತ್ತೇನೆ.

ಪರೀಕ್ಷೆಯಲ್ಲಿ ಮಗು ಹೇಳುತ್ತದೆ, ಲಿಪಿಕಾರ ಬರೆಯುತ್ತಾನೆ. ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ. ಹೀಗೆ ಹೇಳಿ ಬರೆಸಿಯೇ ಎಲ್ಲಿಯವರೆಗೆ ಹೋಗಬಹುದು? ಇದೇ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಕೆಂಪಹೊನ್ನಯ್ಯನವರನ್ನು ನೋಡಿ. ಶಾಲೆಗೆ ಹೋಗುವ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡವರು, ಕನ್ನಡ ಉಪನ್ಯಾಸಕರಾದರು, 2016ರ ನಾಗರಿಕ ಸೇವಾ ಪರೀಕ್ಷೆಯಲ್ಲಿ 340ನೇ ರ‍್ಯಾಂಕ್ ಪಡೆದು ಐಎಎಸ್ ಅಧಿಕಾರಿಯಾದರು. ಮಡದಿ ಓದಿ ಧ್ವನಿಮುದ್ರಿಸಿ ಕೊಟ್ಟ ಪಾಠಗಳು ಅವರ ಪುಸ್ತಕವಾಗಿದ್ದವು.

2020ರಲ್ಲಿ ಮಧುಗಿರಿಯ ದೇವಸ್ಥಾನದ ಮುಂದೆ ಹಾಡಿ ಹೊಟ್ಟೆ ಹೊರೆಯುತ್ತಿದ್ದ ಅಂಧ ಸಹೋದರಿಯರು ಟಿವಿಯ ಸಂಗೀತ ವೇದಿಕೆಗೆ ಬಂದಾಗ ನಾಡೇ ಕಣ್ಣೀರಿಟ್ಟು ಕೇಳಿತು. ಆ ಕಂಠಕ್ಕೆ ನಾನೂ ಸೋತವನು. ಆದರೆ ಕಣ್ಣು ಕಾಣದವರಿಗೆ ಹಾಡೊಂದೇ ದಾರಿ ಎಂದು ನಾವು ಗೆರೆ ಎಳೆದುಬಿಡುತ್ತೇವೆ. ಆ ಗೆರೆಯನ್ನು ದಾಟಿದ ಒಬ್ಬ ಹುಡುಗಿಯ ಕಥೆ ಹೇಳದೆ ಇರಲಾರೆ.

ಶಿರಾ, ಮಧುಗಿರಿ, ಪಾವಗಡಗಳ ಮಗ್ಗುಲಿಗೇ ಅಂಟಿಕೊಂಡಿದೆ ಆಂಧ್ರದ ಮಡಕಶಿರಾ ಸೀಮೆ. ಅಲ್ಲಿನ ಹೇಮಾವತಿ ಒಂದು ಕಾಲಕ್ಕೆ ನೊಳಂಬರ ರಾಜಧಾನಿ, ಕನ್ನಡ ಶಾಸನಗಳ ಊರು. ಅದರ ಹತ್ತಿರದ ತಂಬಲಹಟ್ಟಿಯ ಕೂಲಿಕಾರರ ಮನೆಯ ಮಗಳು ದೀಪಿಕಾ ಟಿ. ಸಿ. ಕೂಸಾಗಿದ್ದಾಗಲೇ ಕಣ್ಣಿಗೆ ಏಟಾಯಿತು. ಓದಲು ಹೋದ ವಿಶೇಷ ಶಾಲೆಯಲ್ಲಿ ಶಿಕ್ಷಕರು ಕ್ರಿಕೆಟ್ ಆಡು ಎಂದರು. ಕರ್ನಾಟಕಕ್ಕೆ ಆಡಿದಳು, ಭಾರತ ತಂಡದ ನಾಯಕಿಯಾದಳು, 2025ರ ನವೆಂಬರ್ 23ರಂದು ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊತ್ತಮೊದಲ ಟಿ20 ವಿಶ್ವಕಪ್ಪನ್ನು ಎತ್ತಿದಳು! ನೇಪಾಳ 114 ರನ್ ಮಾಡಿತ್ತು. ಭಾರತ ಏಳು ವಿಕೆಟ್ ಉಳಿಸಿಕೊಂಡು ಗೆದ್ದಿತು.

ಆ ಆಟದ ನಿಯಮಗಳನ್ನು ಓದಿದಾಗ ನಾನು ಕುರ್ಚಿ ಬಿಟ್ಟು ಎದ್ದೆ. ಗಟ್ಟಿ ಪ್ಲಾಸ್ಟಿಕ್ಕಿನ ಬಿಳಿ ಚೆಂಡು, ಒಳಗೆ ಗಲಗಲ ಎನ್ನುವ ಗುಂಡುಗಳು. ಬೌಲರ್ ‘ರೆಡಿ?’ ಎಂದು ಕೇಳಬೇಕು, ಬ್ಯಾಟುಗಾರ್ತಿ ‘ಯೆಸ್’ ಎನ್ನಬೇಕು, ‘ಪ್ಲೇ’ ಎಂದು ಕೂಗಿ ಕೆಳಗೈಯಿಂದ ಚೆಂಡು ಉರುಳಿಸಬೇಕು. ಆಟಗಾರರಲ್ಲಿ ಮೂರು ವರ್ಗ: ಪೂರ್ತಿ ಅಂಧರು ಬಿ1, ಸ್ವಲ್ಪ ಕಾಣುವವರು ಬಿ2, ಇನ್ನೂ ತುಸು ಹೆಚ್ಚು ಕಾಣುವವರು ಬಿ3. ಹನ್ನೊಂದು ಜನರಲ್ಲಿ ಕನಿಷ್ಠ ನಾಲ್ವರು ಬಿ1 ಇರಲೇಬೇಕು. ಅವರನ್ನು ಬಿಟ್ಟು ತಂಡವೇ ಇಲ್ಲ, ಸುಮ್ಮನೆ ಕೂರಿಸಿ ಗೆಲ್ಲುವಂತೆಯೂ ಇಲ್ಲ, ಏಕೆಂದರೆ ಬಿ1 ಹೊಡೆದ ಪ್ರತಿ ರನ್ನೂ ಎರಡು ಪಟ್ಟು. ಏನೂ ಕಾಣದ ಹುಡುಗಿಯೊಬ್ಬಳು ಗಲಗಲ ಸದ್ದಿನ ಜಾಡು ಹಿಡಿದು, ಮೊಣಕಾಲೂರಿ ಬ್ಯಾಟು ಬೀಸಿ ಚೆಂಡನ್ನು ಗೆರೆ ದಾಟಿಸಿದರೆ ಬೋರ್ಡಿನ ಮೇಲೆ ಬೀಳುವುದು ನಾಲ್ಕಲ್ಲ, ಎಂಟು!